2007ರ ಕೇಮನ್ ಎಸ್ ತಗೊಳ್ಳಬಹುದಾ? ರಿಪೇರಿ ಖರ್ಚು ಗೊತ್ತಿರುವವರು ಹೇಳಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿದ್ದೇನೆ. ಎರಡೇ ಸೀಟಿನ ಕಾರು ಯಾಕೆ ಅಂತ ಮನೆಯಲ್ಲಿ ದೊಡ್ಡ ಚರ್ಚೆ ಆಗಿ ಕೊನೆಗೆ ಒಪ್ಪಿಗೆ ಸಿಕ್ಕಿದೆ. ಅವರು ಮನಸ್ಸು ಬದಲಿಸುವ ಮೊದಲು ಕೆಲಸ ಮುಗಿಸಬೇಕು.

ನೋಡಿಟ್ಟಿರುವುದು 2007ರ ಪೋರ್ಷೆ ಕೇಮನ್ ಎಸ್. 3.4 ಲೀಟರ್ ಇಂಜಿನ್, 295 ಹಾರ್ಸ್‌ಪವರ್, ಆರು ಗೇರಿನ ಮ್ಯಾನ್ಯುಯಲ್. 78,000 ಮೈಲಿ ಓಡಿದೆ. 24,000 ಡಾಲರ್ ಕೇಳುತ್ತಿದ್ದಾರೆ. ಈ ದುಡ್ಡಿಗೆ ಹೊಸ ಕ್ಯಾಮ್ರಿಯೂ ಬರುವುದಿಲ್ಲ, ಅದಕ್ಕೇ ಅನುಮಾನ. ಇದೇ ಕೇಮನ್ ಎಸ್‌ನ 2009ರ ನಂತರದ ಗಾಡಿಗಳಿಗೆ ಇಲ್ಲಿ 36ರಿಂದ 40 ಸಾವಿರ ಹೇಳುತ್ತಾರೆ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ಥರ ಇವೆ. ಅಷ್ಟು ವ್ಯತ್ಯಾಸ ಯಾಕೆ?

ಎಲ್ಲಿ ಓದಿದರೂ ಐಎಂಎಸ್ ಬೇರಿಂಗ್ ಅಂತ ಹೆದರಿಸುತ್ತಾರೆ. ಅದು ಹೋದರೆ ಇಂಜಿನ್ನೇ ಹೋಯಿತಂತೆ. ನಿಜವಾಗಿ ಏನೇನು ಕೆಡುತ್ತದೆ, ಎಷ್ಟು ಖರ್ಚಾಗುತ್ತದೆ? ವಾರಾಂತ್ಯ ಮಾತ್ರ ಓಡಿಸುತ್ತೇನೆ. ಇನ್ನೊಂದು ವಿಷಯ, ಮುಂದೆ ಊರಿಗೆ ವಾಪಸ್ ಹೋಗುವ ಯೋಚನೆ ಇದೆ. ಆಗ ಕಾರನ್ನು ಬೆಂಗಳೂರಿಗೆ ಸಾಗಿಸಬಹುದಾ?

ಫ್ಲ್ಯಾಟ್‌ಸಿಕ್ಸ್ ಗೌಡ:

ಹೆದರಿ ಸಾರ್, ಆದರೆ ಐಎಂಎಸ್‌ಗೆ ಅಲ್ಲ.

ಐಎಂಎಸ್ ಅಂದರೆ ಇಂಟರ್‌ಮೀಡಿಯೆಟ್ ಶಾಫ್ಟ್. ಕ್ರ್ಯಾಂಕ್ ತಿರುಗುವುದನ್ನು, ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಗಳಿಗೆ ಮುಟ್ಟಿಸುವುದು ಇದರ ಕೆಲಸ. ಅದರ ಒಂದು ತುದಿಯಲ್ಲಿ ಸೀಲ್ ಮಾಡಿದ ಬಾಲ್ ಬೇರಿಂಗ್ ಇದೆ. ಒಳಗಿನ ಗ್ರೀಸ್ ಹೋಗಿ ಬೇರಿಂಗ್ ಒಡೆದರೆ ಟೈಮಿಂಗ್ ತಪ್ಪುತ್ತದೆ, ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ, ಲೋಹದ ಚೂರು ಆಯಿಲ್ ಜೊತೆ ಇಂಜಿನ್ನೆಲ್ಲ ಸುತ್ತುತ್ತದೆ. ಅಲ್ಲಿಗೆ ಮುಗಿಯಿತು. ಆದರೆ ಇದು ಜಾಸ್ತಿ ಕಾಡಿದ್ದು 2000ದಿಂದ 2005ರವರೆಗಿನ ಪೋರ್ಷೆಯದೇ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳನ್ನು. ಅವುಗಳಲ್ಲಿ ಒಂದೇ ಸಾಲಿನ ಚಿಕ್ಕ ಬೇರಿಂಗ್ ಇತ್ತು. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋಗಿ, 2001ರಿಂದ 2005ರ ಮಾಡೆಲ್‌ಗಳಿಗೆ ರಾಜಿ ಒಪ್ಪಂದವೂ ಆಯಿತು. ನಿಮ್ಮ 2007ರ ಇಂಜಿನ್‌ನಲ್ಲಿ ಬೇರಿಂಗ್ ದೊಡ್ಡದು, ಹಾಳಾಗುವುದು ಅಪರೂಪ. ವಿಚಿತ್ರ ಏನೆಂದರೆ ಹಳೆಯ ಚಿಕ್ಕದನ್ನು ಬದಲಿಸಬಹುದು, ಈ ದೊಡ್ಡದನ್ನು ಇಂಜಿನ್ ಎರಡು ಹೋಳು ಮಾಡದೆ ಹೊರಗೆ ತೆಗೆಯಲು ಆಗುವುದಿಲ್ಲ. ಕ್ಲಚ್ ಬದಲಿಸುವಾಗ ಬೇರಿಂಗಿನ ಹೊರಗಿನ ಸೀಲ್ ಕಿತ್ತು ತೆಗೆಸಿ. ಇಂಜಿನ್ ಆಯಿಲ್ ಒಳಗೆ ಹೋಗಿ ಬೇರಿಂಗ್ ಒದ್ದೆಯಾಗಿರುತ್ತದೆ. ಅಷ್ಟು ಸಾಕು.

ನಿಮ್ಮ 3.4ರ ನಿಜವಾದ ತಲೆನೋವು ಬೋರ್ ಸ್ಕೋರಿಂಗ್, ಅಂದರೆ ಸಿಲಿಂಡರ್ ಗೋಡೆಗೆ ಗೀರು ಬೀಳುವುದು. ಆ ಗೋಡೆ ಲೋಕಸಿಲ್ ಅನ್ನುವ, ಸಿಲಿಕಾನ್ ಬೆರೆತ ಅಲ್ಯೂಮಿನಿಯಂನದು. ಪಿಸ್ಟನ್ ಸ್ಕರ್ಟ್, ಅಂದರೆ ಪಿಸ್ಟನ್‌ನ ಕೆಳಗಿನ ಪಕ್ಕದ ಭಾಗ, ಅದರ ಮೇಲಿನ ಲೇಪ ಸವೆದುಹೋದ ಮೇಲೆ ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಉಜ್ಜುತ್ತದೆ. ಚಳಿ ಜಾಸ್ತಿ ಇರುವ ಕಡೆಯ ಕಾರುಗಳಲ್ಲಿ ಇದು ಹೆಚ್ಚು. ಶಿಕಾಗೋ ಅಂದಿರಲ್ಲ, ಅಲ್ಲೇ ನನ್ನ ಕಿವಿ ನೆಟ್ಟಗಾಗಿದ್ದು. ಕೊರೆಯುವ ಚಳಿಯಲ್ಲಿ ಸ್ಟಾರ್ಟ್ ಮಾಡಿ ಡ್ರೈವ್‌ವೇನಲ್ಲೇ ಹದಿನೈದು ನಿಮಿಷ ನಿಲ್ಲಿಸಿ ಬಿಸಿ ಮಾಡುತ್ತಾರಲ್ಲ, ಅದು ಇನ್ನೂ ಕೆಟ್ಟದ್ದು, ಯಾಕೆಂದರೆ ತಣ್ಣಗಿರುವಾಗ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಅದು ಗೋಡೆ ಮೇಲಿನ ಆಯಿಲ್ ತೊಳೆದುಬಿಡುತ್ತದೆ.

ಇದರ ಲಕ್ಷಣ ಏನು ಅಂದರೆ ಆಯಿಲ್ ಕುಡಿಯುತ್ತದೆ. ಇಂಜಿನ್ ಬಿಸಿಯಾದ ಮೇಲೂ ಟಕ್ ಟಕ್ ಅನ್ನುವುದು ನಿಲ್ಲುವುದಿಲ್ಲ. ಸೈಲೆನ್ಸರ್ ತುದಿಯಲ್ಲಿ ಒರೆಸಿದಷ್ಟೂ ಮಸಿ. ಸರಿಯಾಗಿ ಮಾಡಿಸಬೇಕು ಅಂದರೆ ಸಿಲಿಂಡರ್ ಒಳಗೆ ಹೊಸ ಸ್ಲೀವ್ (ಒಳಗೋಡೆಯ ಕೊಳವೆ) ಹಾಕಿ ಇಂಜಿನ್ ಪೂರ್ತಿ ಕಟ್ಟಬೇಕು. 20ರಿಂದ 30 ಸಾವಿರ ಡಾಲರ್. ಕಾರಿಗೆ ಕೊಟ್ಟಷ್ಟೇ ಇನ್ನೊಂದು ಸಲ ಕೊಟ್ಟ ಹಾಗೆ.

ಕಾಫಿತೋಟ:

ಗೌಡರು ಹೇಳಿದ್ದು ಸರಿ, ಆದರೆ ಓದಿದವರು ರಾತ್ರಿ ನಿದ್ದೆ ಬಿಡುತ್ತಾರೆ. ಸ್ವಲ್ಪ ದಿನನಿತ್ಯದ ಮಾತು ಹೇಳೋಣ.

ನನ್ನದು 2008ರ ಬೇಸ್ ಕೇಮನ್, ಅಂದರೆ ಎಸ್ ಅಲ್ಲದ್ದು, 2.7 ಲೀಟರ್, ಅಟ್ಲಾಂಟಾದಲ್ಲಿದ್ದೇನೆ. 2.7ರಲ್ಲಿ ಈ ಗೀರಿನ ಕಾಟ ಬಹಳ ಕಡಿಮೆ. 50 ಹಾರ್ಸ್‌ಪವರ್ ಕಡಿಮೆ, ನಿಜ, ಆದರೆ ರಸ್ತೆಯಲ್ಲಿ ಅದು ಎಲ್ಲಿ ಬೇಕಾಗುತ್ತದೆ ಹೇಳಿ.

ಒಂದು ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಹಿಂದೆ ದಟ್ಟ ಬಿಳಿ ಹೊಗೆ. ಪಕ್ಕದ ಮನೆಯವರು ಫೈರ್ ಇಂಜಿನ್ ಕರೆಯುವುದೊಂದು ಬಾಕಿ. ಹತ್ತಿರದ ಒಂದು ವರ್ಕ್‌ಶಾಪ್‌ನವರು ಬಾನೆಟ್ ಕೂಡ ಎತ್ತದೆ, ಅಲ್ಲಿ ಎತ್ತಿದರೂ ಇಂಜಿನ್ ಇರುವುದಿಲ್ಲ ಬಿಡಿ, ಇಂಜಿನ್ ಬಿಚ್ಚಬೇಕು ಅಂತ ಹೇಳಿಬಿಟ್ಟರು. ಇನ್ನೊಬ್ಬ ಮೆಕ್ಯಾನಿಕ್ ಇಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆಯಲು ನೋಡಿದ. ಒಳಗಿನಿಂದ ಯಾರೋ ಎಳೆದು ಹಿಡಿದ ಹಾಗೆ ಬಿಗಿ ಇತ್ತು. ಇಂಜಿನ್ ಒಳಗಿನ ಗಾಳಿಯಿಂದ ಆಯಿಲ್ ಬೇರೆ ಮಾಡುವ ಏರ್ ಆಯಿಲ್ ಸೆಪರೇಟರ್ ಒಳಗಿನ ರಬ್ಬರ್ ಹರಿದಿದೆ ಅಂದ, ಅದೇ ಆಗಿತ್ತು. ಪಾರ್ಟು ಲೇಬರ್ ಸೇರಿ 850 ಡಾಲರ್. ಈ ಕಾರುಗಳಲ್ಲಿ ಬಹಳ ಸಾಮಾನ್ಯವಾಗಿ ಹೋಗುವ ಪಾರ್ಟ್ ಇದು. ಸ್ಟಾರ್ಟ್ ಮಾಡಿದಾಗ ಒಂದು ಚಿಕ್ಕ ಉಫ್ ಹೊಗೆ ಬಂದು ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಇಂಜಿನ್ ಅಡ್ಡ ಮಲಗಿದೆ, ರಾತ್ರಿ ಸ್ವಲ್ಪ ಆಯಿಲ್ ಸಿಲಿಂಡರ್‌ಗೆ ಇಳಿಯುತ್ತದೆ.

ವಾಟರ್ ಪಂಪ್ 60,000 ಮೈಲಿ ಆಸುಪಾಸಿನಲ್ಲಿ, ಕೆಡುವವರೆಗೆ ಕಾಯುತ್ತಾ ಕೂರದೆ, ಬದಲಿಸುವುದು ಒಳ್ಳೆಯದು. ಅದರ ಇಂಪೆಲ್ಲರ್, ಅಂದರೆ ನೀರು ತಳ್ಳುವ ಚಕ್ರ, ಪ್ಲಾಸ್ಟಿಕ್. ಒಡೆದರೆ ಚೂರುಗಳು ಕೂಲಂಟ್ ದಾರಿಯಲ್ಲಿ ಸೇರಿಕೊಳ್ಳುತ್ತವೆ. ಸಾವಿರದ ಹತ್ತಿರ ಆಗುತ್ತದೆ. ಹಿಂದಿನ ಕೂಲಂಟ್ ಟ್ಯಾಂಕ್ ಬಿರುಕು ಬಿಡುತ್ತದೆ, ಪಾರ್ಟ್ ಬೆಲೆ ದೊಡ್ಡದಲ್ಲ, ಅದನ್ನು ಬಿಚ್ಚುವ ಕೆಲಸ ದೊಡ್ಡದು. ಇಗ್ನಿಷನ್ ಕಾಯಿಲ್ ಆರೂ ಸೇರಿ 400 ಡಾಲರ್ ಒಳಗೆ, ಚಕ್ರ ಬಿಚ್ಚಿ ಕೂತು ನಾವೇ ಹಾಕಿಕೊಳ್ಳಬಹುದು. ಮುಂದಿನ ಬಂಪರ್ ಬಾಯಲ್ಲಿ ಒಣ ಎಲೆ ತುಂಬಿ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ಕೊಳೆಯುತ್ತವೆ, ವರ್ಷಕ್ಕೊಮ್ಮೆ ಬಂಪರ್ ಇಳಿಸಿ ವ್ಯಾಕ್ಯೂಮ್ ಹಿಡಿದರೆ ಪುಕ್ಕಟೆ, ಬಿಟ್ಟರೆ 2,000 ಡಾಲರ್. ಮುಂದಿನ ಸಸ್ಪೆನ್ಷನ್ ಕಿರ್ ಕಿರ್ ಅನ್ನುತ್ತಿದ್ದರೆ ಚಕ್ರವನ್ನು ಹಿಡಿದಿರುವ ಕಂಟ್ರೋಲ್ ಆರ್ಮ್ ಹೋಗಿದೆ ಅಂತ ಅರ್ಥ. ಕ್ಲಚ್‌ಗೆ ಅದರ ಜೊತೆಗಿನ ಡ್ಯುಯಲ್ ಮಾಸ್ ಫ್ಲೈವೀಲ್ ಅನ್ನುವ ಭಾರದ ಚಕ್ರವೂ ಸೇರಿ ಮೂರು ಸಾವಿರ ಇಟ್ಟುಕೊಳ್ಳಿ.

ವರ್ಷಕ್ಕೆ 2,000ದಿಂದ 2,500 ಡಾಲರ್ ಬೇರೆ ತೆಗೆದಿಟ್ಟರೆ ನೆಮ್ಮದಿ. ಕೆಲವು ವರ್ಷ ಬರೀ ಆಯಿಲ್ ಖರ್ಚು, ಕೆಲವು ವರ್ಷ ಎಲ್ಲ ಒಟ್ಟಿಗೆ.

ತುಂಗಾತೀರ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಾರುವವರನ್ನು ಕೇಳಿದೆ. ಆಯಿಲ್ ಎಷ್ಟು ಕುಡಿಯುತ್ತದೆ ಅಂದರೆ "ಈ ಕಾರುಗಳು ಸ್ವಲ್ಪ ಕುಡಿಯುತ್ತವೆ" ಅಂದರು. ಎಷ್ಟು ಸ್ವಲ್ಪ ಅಂದರೆ ಉತ್ತರ ಇಲ್ಲ. ಸರ್ವಿಸ್ ಬಿಲ್‌ಗಳು 2016ರವರೆಗೆ ಇವೆ, ಆಮೇಲಿನದು "ನಾನೇ ಮಾಡುತ್ತಿದ್ದೆ" ಅಂತೆ. ಕಾರು ನೋಡಲು ಹೋದಾಗ ಇಂಜಿನ್ ಆಗಲೇ ಬಿಸಿ ಇತ್ತು. ಇದು ಸಹಜವಾ, ಅಲ್ಲ ಸುಮ್ನೆ ನನಗೇ ಅನುಮಾನವಾ?

ಸ್ಪ್ಯಾನರ್ ವೆಂಕಿ:

ಅನುಮಾನ ಪಡಲೇಬೇಕು ಅಣ್ಣ. ಇನ್ನೊಂದು ಸಲ ಹೋಗುವಾಗ ಮೊದಲೇ ಹೇಳಿ, ಇಂಜಿನ್ ತಣ್ಣಗಿರಬೇಕು, ನಾನೇ ಸ್ಟಾರ್ಟ್ ಮಾಡುತ್ತೇನೆ ಅಂತ. ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಆಮೇಲೆ ಕೊಳ್ಳುವ ಮುಂಚಿನ ತಪಾಸಣೆ. ಮಾರುವವರಿಗೆ ಪರಿಚಯದ ಅಂಗಡಿಯಲ್ಲಿ ಬೇಡ, ಪೋರ್ಷೆ ಕೆಲಸ ಮಾತ್ರ ಮಾಡುವ ಬೇರೆ ಅಂಗಡಿಯಲ್ಲಿ ಮಾಡಿಸಿ. 300ರಿಂದ 500 ಡಾಲರ್ ಆಗುತ್ತದೆ, ಬೋರ್‌ಸ್ಕೋಪ್‌ಗೆ ಮೇಲೆ ಇನ್ನಷ್ಟು. ಬೋರ್‌ಸ್ಕೋಪ್ ಅಂದರೆ ಸಣ್ಣ ಕ್ಯಾಮೆರಾ, ಪ್ಲಗ್ ತೆಗೆದ ತೂತಿನಿಂದ ಒಳಗೆ ಬಿಟ್ಟು ಗೋಡೆ ನೋಡುತ್ತಾರೆ. ಆದರೆ ಮೇಲಿನಿಂದ ನೋಡಿದರೆ ಎಲ್ಲ ಕಾಣುವುದಿಲ್ಲ. ಗೀರು ಶುರುವಾಗುವುದು ಕೆಳಭಾಗದಲ್ಲಿ. ಆಯಿಲ್ ಸಂಪ್, ಅಂದರೆ ಇಂಜಿನ್ ತಳದ ಆಯಿಲ್ ತಟ್ಟೆ, ಬಿಚ್ಚಿ ಕೆಳಗಿನಿಂದಲೂ ನೋಡಿಸಿದರೆ ಮಾತ್ರ ಪಕ್ಕಾ. ಸಂಪ್ ಹೇಗೂ ಬಿಚ್ಚಿದಾಗ ಒಳಗೆ ಲೋಹದ ಪುಡಿ ಇದೆಯಾ ಅನ್ನುವುದೂ ಗೊತ್ತಾಗುತ್ತದೆ, ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿದರೆ ಬೇರಿಂಗ್ ವಿಷಯವೂ ಅಲ್ಲೇ ಇತ್ಯರ್ಥ.

ಮ್ಯಾನ್ಯುಯಲ್ ಗಾಡಿ ಅಲ್ವಾ, ಇಂಜಿನ್ ಕಂಪ್ಯೂಟರ್‌ನಿಂದ ಓವರ್‌ರೆವ್ ರಿಪೋರ್ಟ್, ಅಂದರೆ ಇಂಜಿನ್ ಮಿತಿ ಮೀರಿ ತಿರುಗಿದ್ದರ ಲೆಕ್ಕ, ತೆಗೆಸಿ. ಐದಕ್ಕೆ ಹಾಕಲು ಹೋಗಿ ಮೂರಕ್ಕೆ ಹಾಕಿ ಕ್ಲಚ್ ಬಿಟ್ಟವರ ಚರಿತ್ರೆ ಎಲ್ಲ ಅದರಲ್ಲಿರುತ್ತದೆ. ಒಂದರಿಂದ ಆರರವರೆಗೆ ರೇಂಜ್ ಅಂತ ಬರುತ್ತದೆ. ಒಂದು, ಎರಡರಲ್ಲಿ ಎಷ್ಟಿದ್ದರೂ ಪರವಾಗಿಲ್ಲ, ಜೋರಾಗಿ ಓಡಿಸಿದ್ದಾರೆ ಅಷ್ಟೇ. ನಾಲ್ಕರ ಮೇಲೆ ಇದ್ದು, ಅದೂ ಇಂಜಿನ್ ಓಡಿದ ಇತ್ತೀಚಿನ ಗಂಟೆಗಳಲ್ಲಿ ಆಗಿದ್ದರೆ ಬೇಡ. ಹಳೆಯದಾಗಿದ್ದು ಆಮೇಲೆ ಸಾವಿರಾರು ಮೈಲಿ ಸರಿಯಾಗಿ ಓಡಿದ್ದರೆ ನಾನಾದರೆ ಅಷ್ಟು ಯೋಚಿಸುವುದಿಲ್ಲ.

ಲೇಬರ್ ಬಗ್ಗೆ ಒಂದು ಮಾತು. ಶೋರೂಮ್ ಸರ್ವಿಸ್‌ನಲ್ಲಿ ಗಂಟೆಗೆ 250 ಡಾಲರ್ ಆಸುಪಾಸು, ಹೊರಗಿನ ಒಳ್ಳೆಯ ಅಂಗಡಿಯಲ್ಲಿ 150ರಿಂದ 200. ಇಂಜಿನ್ ಸೀಟಿನ ಬೆನ್ನಿಗೇ ಕೂತಿದೆ, ಯಾವ ಕೆಲಸಕ್ಕೂ ಕೈ ಹೋಗುವುದಿಲ್ಲ. ನೂರು ಡಾಲರ್ ಪಾರ್ಟ್‌ಗೆ ಎಂಟುನೂರು ಲೇಬರ್ ಆಗುವುದು ಹೀಗೆ. ಸ್ವಂತ ಜ್ಯಾಕ್ ಸ್ಟ್ಯಾಂಡ್, ಗ್ಯಾರೇಜ್, ತಾಳ್ಮೆ ಇದ್ದವರಿಗೆ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ.

ಬಸವನಗುಡಿ ಬೈಪಾಸ್:

ಬೆಂಗಳೂರಿಗೆ ತರುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ. ಆಗುವುದಿಲ್ಲ. ತಯಾರಾಗಿ ಮೂರು ವರ್ಷ ದಾಟಿದ ಹಳೆ ಕಾರನ್ನು ಭಾರತಕ್ಕೆ ತರಲು ಬಿಡುವುದಿಲ್ಲ. ಸ್ಟೀರಿಂಗ್ ಬಲಗಡೆಯೇ ಇರಬೇಕು. ನಿಮ್ಮದು ಎಡಗಡೆ, ಮೇಲಾಗಿ 2007ರದ್ದು. ಅಲ್ಲಿಗೆ ಮಾತು ಮುಗಿಯಿತು.

ಇಲ್ಲೇ ಸೆಕೆಂಡ್ ಹ್ಯಾಂಡ್ ಹುಡುಕುತ್ತೇನೆ ಅಂದರೆ ಹುಡುಕಬಹುದು, ಆದರೆ ಲೆಕ್ಕ ಬೇರೆ. ಪಾರ್ಟ್ ಹೊರಗಿನಿಂದ ಬರುವವರೆಗೆ ಕಾರು ಲಿಫ್ಟ್ ಮೇಲೆ ಕೂತಿರುತ್ತದೆ. ಇಲ್ಲಿನ ಹವಾಮಾನಕ್ಕೆ ಆ ಚಳಿಯ ಕಾಟ ಇಲ್ಲ ಅನ್ನುವುದೊಂದೇ ಸಮಾಧಾನ, ಅದರ ಬದಲು ಹಂಪ್‌ಗಳಿವೆ. ಅಲ್ಲೇ ಓಡಿಸಿ, ಅಲ್ಲೇ ಮಾರಿ ಬನ್ನಿ.

ಹೇಮಾವತಿ:

ಎಲ್ಲರೂ 2007ನ್ನು ಉಳಿಸಲು ನೋಡುತ್ತಿದ್ದೀರಿ. ನಾನು ಆ ದುಡ್ಡಿನ ವ್ಯತ್ಯಾಸಕ್ಕೆ ಉತ್ತರ ಕೊಡುತ್ತೇನೆ. 2009ರಿಂದ ಇಂಜಿನ್ನೇ ಬೇರೆ. ಇಂಟರ್‌ಮೀಡಿಯೆಟ್ ಶಾಫ್ಟ್ ಅನ್ನುವುದೇ ಅದರಲ್ಲಿಲ್ಲ. ಗೀರಿನ ದೂರೂ ಬಹಳ ಕಡಿಮೆ. ಜನ ಹೆಚ್ಚಿಗೆ ಕೊಡುವುದು ಆ ನೆಮ್ಮದಿಗೆ.

ಹಾಗಂತ ಅದರಲ್ಲೂ ಏನೂ ಕೆಡುವುದಿಲ್ಲ ಅಂತ ಅಲ್ಲ. ಎಸ್ ಮಾಡೆಲ್ ಡೈರೆಕ್ಟ್ ಇಂಜೆಕ್ಷನ್, ಅಂದರೆ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಸಿಂಪಡಿಸುವುದು, 320 ಹಾರ್ಸ್‌ಪವರ್. ಹೈ ಪ್ರೆಷರ್ ಫ್ಯೂಯಲ್ ಪಂಪ್ ಹೋದರೆ ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ, ಇನ್‌ಟೇಕ್ ವಾಲ್ವ್ ಮೇಲೆ ಕಾರ್ಬನ್ ಕೂರುತ್ತದೆ. ಪಿಡಿಕೆ ಆಟೊಮ್ಯಾಟಿಕ್ ಗಟ್ಟಿ ಗೇರ್‌ಬಾಕ್ಸ್, ಆದರೆ ಒಳಗಿನ ಒಂದು ಸೆನ್ಸರ್ ಕೆಟ್ಟರೆ ಬಹಳ ವರ್ಷ ಡೀಲರ್‌ಗಳು ಇಡೀ ಗೇರ್‌ಬಾಕ್ಸ್ ಬದಲಿಸಿ 15ರಿಂದ 20 ಸಾವಿರ ಡಾಲರ್ ಬಿಲ್ ಹಾಕುತ್ತಿದ್ದರು. ಈಗ ಸೆನ್ಸರ್ ಮಾತ್ರ ಬದಲಿಸುವ ಅಂಗಡಿಗಳಿವೆ. ನನ್ನ ಪ್ರಕಾರ ನಿಮಗೆ ಸರಿಹೋಗುವುದು 2009ರ ನಂತರದ ಬೇಸ್ ಕೇಮನ್, ಮ್ಯಾನ್ಯುಯಲ್. 2.9 ಲೀಟರ್, 265 ಹಾರ್ಸ್‌ಪವರ್, ಡೈರೆಕ್ಟ್ ಇಂಜೆಕ್ಷನ್ ಇಲ್ಲ, ಹಾಗಾಗಿ ಆ ಪಂಪೂ ಇಲ್ಲ, ಕಾರ್ಬನ್ ಕಾಟವೂ ಇಲ್ಲ. ಎಸ್‌ಗಿಂತ ಬೆಲೆಯೂ ಕಡಿಮೆ. ಹಿಂದೆ ಒಂದು ಎಸ್ ಅಕ್ಷರ ಇರುವುದಿಲ್ಲ ಅಷ್ಟೇ.

ಫ್ಲ್ಯಾಟ್‌ಸಿಕ್ಸ್ ಗೌಡ:

ಹೇಮಾವತಿಯವರ ಮಾತಿಗೆ ನನ್ನ ಓಟು. ಆದರೆ 2007ಕ್ಕೆ ಸಂಪ್ ಕಡೆಯಿಂದ ತೆಗೆದ ಕ್ಲೀನ್ ಫೋಟೋ ಸಿಕ್ಕು, 21,000ಕ್ಕೆ ಇಳಿದರೆ, ನಾನೇ ಬಂದು ತಗೊಳ್ಳುತ್ತೇನೆ.

ತುಂಗಾತೀರ:

ಮಾರುವವರಿಗೆ ಫೋನ್ ಮಾಡಿದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಲು ಒಪ್ಪಿದರು, ಸಂಪ್ ಬಿಚ್ಚುವುದು ಬೇಡ ಅಂದರು. ಅಲ್ಲಿಗೆ ಕೈ ಬಿಟ್ಟೆ. ಮಿಲ್ವಾಕಿಯಲ್ಲಿ 2010ರ 2.9 ಮ್ಯಾನ್ಯುಯಲ್ ಒಂದಿದೆ, 31,500 ಹೇಳುತ್ತಿದ್ದಾರೆ, ಬಿಲ್‌ಗಳೆಲ್ಲ ಇವೆ. ಇದಕ್ಕೂ ಸಂಪ್ ಬಿಚ್ಚಿಸಬೇಕಾ?

ಸ್ಪ್ಯಾನರ್ ವೆಂಕಿ:

ಬೇಡ ಅಣ್ಣ. ಇದಕ್ಕೆ ಪ್ಲಗ್ ತೂತಿನಿಂದ ನೋಡಿದರೆ ಸಾಕು. ಓವರ್‌ರೆವ್ ರಿಪೋರ್ಟ್ ಮಾತ್ರ ಬಿಡಬೇಡಿ. ವಾಟರ್ ಪಂಪ್ ಬದಲಿಸಿದ ಬಿಲ್ ಇದೆಯಾ ನೋಡಿ, ಇಲ್ಲದಿದ್ದರೆ ಅದರ ಸಾವಿರ ಡಾಲರ್ ಬೆಲೆಯಲ್ಲಿ ಇಳಿಸಿ ಕೇಳಿ.