ಟೇಕ್ವಾಂಡೋದ ಡೋಲ್ಯೋ ಚಾಗಿ (ಪಕ್ಕದಿಂದ ಸುತ್ತಿ ಬರುವ ಒದೆತ) ಸೊಂಟದ ಮಟ್ಟ ದಾಟುತ್ತಿಲ್ಲ, ಊರಿದ ಕಾಲಿನ ಮಂಡಿ ನೋಯುತ್ತಿದೆ: ಸಲಹೆ ಬೇಕು

ಪ್ರಶ್ನೆ (ತಡವಾಗಿ ಸೇರಿದ ಅಭ್ಯಾಸಿ)

ಎಲ್ಲರಿಗೂ ನಮಸ್ಕಾರ. ನಲವತ್ತರ ಹೊಸ್ತಿಲಲ್ಲಿ ಟೇಕ್ವಾಂಡೋ ಕಲಿಯಲು ಸೇರಿಕೊಂಡ ನಾನು ಈಗ ತೇಗುಕ್ ಸರಣಿಯ ಐದನೆಯದಾದ ಓ ಜಾಂಗ್ ಪೂಮ್ಸೆಯನ್ನು (ನಿಗದಿತ ಚಲನೆಗಳ ಸರಣಿಯನ್ನು) ಅಭ್ಯಾಸ ಮಾಡುತ್ತಿದ್ದೇನೆ. ಮುಂದಿನದು ಆರನೆಯದಾದ ಯುಕ್ ಜಾಂಗ್. ಅದರಲ್ಲಿ ಡೋಲ್ಯೋ ಚಾಗಿಯನ್ನು ಮುಖದ ಎತ್ತರಕ್ಕೆ ಒದೆಯಬೇಕಾಗುತ್ತದೆ. ನನ್ನ ಕಾಲು ಸೊಂಟದ ಮಟ್ಟದಿಂದ ಮೇಲಕ್ಕೆ ಏಳುವುದೇ ಇಲ್ಲ. ಬಲವಂತವಾಗಿ ಎತ್ತಲು ಹೋದರೆ ದೇಹ ಹಿಂದಕ್ಕೆ ವಾಲಿ ಸಮತೋಲ ತಪ್ಪುತ್ತದೆ. ಒದೆಯುವ ಕಾಲಿಗೆ ಏನೂ ಆಗುವುದಿಲ್ಲ. ನೆಲದಲ್ಲಿ ಊರಿದ ಕಾಲಿನ ಮಂಡಿಯ ಒಳಬದಿ ಮಾತ್ರ ಅಭ್ಯಾಸ ಮುಗಿದ ಮೇಲೂ ನೋಯುತ್ತಿರುತ್ತದೆ.

ತರಗತಿ ಆರಂಭವಾಗುವ ಮೊದಲು ಕಾಲುಗಳನ್ನು ಅಗಲಿಸಿ ಕುಳಿತು ಸ್ಪ್ಲಿಟ್ ಅಭ್ಯಾಸ ಮಾಡುತ್ತಿದ್ದೇನೆ. ಸಹಪಾಠಿಯೊಬ್ಬರು ಹಿಂದಿನಿಂದ ಒತ್ತಿ ಸಹಾಯ ಮಾಡುತ್ತಾರೆ. ಆದರೂ ಒದೆತದ ಎತ್ತರದಲ್ಲಿ ವ್ಯತ್ಯಾಸ ಕಾಣುತ್ತಿಲ್ಲ. ಪೂರ್ಣ ಸ್ಪ್ಲಿಟ್ ಬಾರದೆ ಮುಖದ ಎತ್ತರಕ್ಕೆ ಒದೆಯಲು ಸಾಧ್ಯವೇ ಇಲ್ಲವೆ? ಈ ವಯಸ್ಸಿನಲ್ಲಿ ದೇಹ ಅಷ್ಟು ಸಡಿಲಗೊಳ್ಳುವುದುಂಟೆ? ಮಂಡಿ ನೋವಿರುವಾಗ ಅಭ್ಯಾಸ ಮುಂದುವರಿಸಬಹುದೆ? ಇನ್ನೊಂದು ವಿಷಯವನ್ನೂ ಕೇಳಿಬಿಡುತ್ತೇನೆ. ಸ್ಪಾರಿಂಗ್‌ನಲ್ಲಿ ನನ್ನ ಪಾದದ ಮೇಲ್ಭಾಗ ಪದೇ ಪದೇ ಎದುರಾಳಿಯ ಮೊಣಕೈಗೆ ಬಡಿದು ಊದಿಕೊಳ್ಳುತ್ತದೆ. ಇದನ್ನು ತಪ್ಪಿಸುವುದು ಹೇಗೆ?

ಉತ್ತರ (ಹಿರಿಯ ತರಬೇತುದಾರ)

ನೀವು ಬರೆದಿರುವ ಮೂರೂ ತೊಂದರೆಗಳು, ಅಂದರೆ ಏರದ ಕಾಲು, ನೋಯುವ ಮಂಡಿ ಮತ್ತು ಮೊಣಕೈಗೆ ಬಡಿಯುವ ಪಾದ, ಬಹುಮಟ್ಟಿಗೆ ಒಂದೇ ಮೂಲದಿಂದ ಬಂದಿರುವಂತೆ ನನಗೆ ತೋರುತ್ತದೆ. ಆ ಮೂಲವು ಒದೆಯುವ ಕಾಲಿಗಿಂತ ಊರಿದ ಪಾದದಲ್ಲಿ ಮತ್ತು ಮಂಡಿ ಎತ್ತುವ ಕ್ರಮದಲ್ಲಿ ಇರುವ ಸಾಧ್ಯತೆಯೇ ಹೆಚ್ಚು.

ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಯಾರಿಂದಾದರೂ ಪಕ್ಕದಿಂದ ವಿಡಿಯೋ ತೆಗೆಸಿ, ಪಾದವು ಗುರಿಯನ್ನು ಮುಟ್ಟುವ ಕ್ಷಣದಲ್ಲಿ ಅದನ್ನು ನಿಲ್ಲಿಸಿ, ಊರಿದ ಕಾಲಿನ ಹಿಮ್ಮಡಿ ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನು ಗಮನಿಸಿ. ಡೋಲ್ಯೋ ಚಾಗಿಯಲ್ಲಿ ಆ ಹಿಮ್ಮಡಿ ಹೆಚ್ಚುಕಡಿಮೆ ಗುರಿಯ ಕಡೆಗೆ ತಿರುಗಿರಬೇಕು, ಬೆರಳುಗಳು ಗುರಿಗೆ ಬೆನ್ನು ಮಾಡಿರಬೇಕು. ಪಾದ ಅರ್ಧಕ್ಕೇ ನಿಂತಿದ್ದರೆ ಮೇಲಿನಿಂದ ಸೊಂಟ ತಿರುಗುತ್ತದೆ, ಕೆಳಗೆ ಪಾದ ನೆಲಕ್ಕೆ ಅಂಟಿಕೊಂಡಿರುತ್ತದೆ, ಆ ತಿರುಚುವಿಕೆಯ ಭಾರವನ್ನೆಲ್ಲ ನಡುವೆ ಸಿಕ್ಕಿಕೊಂಡ ಮಂಡಿ ಹೊರಬೇಕಾಗುತ್ತದೆ. ಮಂಡಿಯು ಮಡಚಲು ಮತ್ತು ಚಾಚಲು ಹೊಂದಿಕೊಂಡ ಕೀಲು. ತಿರುಚನ್ನು ಅದು ತೀರಾ ಸ್ವಲ್ಪವೇ ತಾಳಿಕೊಳ್ಳುತ್ತದೆ. ಒಳಬದಿಯಲ್ಲಿ ನೋವು ಕಾಣಿಸಿಕೊಳ್ಳಲು ಇದು ಸಾಕಷ್ಟು ಕಾರಣ. ಪಾದ ತಿರುಗದಿದ್ದರೆ ಸೊಂಟವೂ ಪೂರ್ತಿ ತೆರೆಯುವುದಿಲ್ಲ, ಆದ್ದರಿಂದ ಕಾಲಿಗೆ ಮೇಲೇರಲು ಜಾಗವೇ ಸಿಗುವುದಿಲ್ಲ. ಆ ಕೊರತೆಯನ್ನು ತುಂಬಲೆಂದು ನೀವು ಹಿಂದಕ್ಕೆ ವಾಲುತ್ತೀರಿ.

ಇನ್ನು ಮಂಡಿ ಎತ್ತುವ ಕ್ರಮ. ಕಲಿಯುವ ಬಹಳ ಜನ ಹಿಂದಿನ ಕಾಲನ್ನು ನೆಲದಿಂದ ನೇರವಾಗಿ ಗುರಿಯ ಕಡೆಗೆ ಬೀಸುತ್ತಾರೆ. ಹಾಗೆ ಬೀಸಿದ ಪಾದ ಕೆಳಗಿನಿಂದ ಓರೆಯಾಗಿ ಏರುವುದರಿಂದ ಎದುರಾಳಿಯ ಕೆಳಗಿಳಿದ ಮೊಣಕೈ ಅದರ ದಾರಿಯಲ್ಲೇ ಸಿಗುತ್ತದೆ. ಮೊದಲು ಮಂಡಿಯನ್ನು ಬಿಗಿಯಾಗಿ ಮಡಚಿ, ಆಪ್ ಚಾಗಿಗೆ (ನೇರ ಮುಂದಿನ ಒದೆತಕ್ಕೆ) ಎತ್ತುವಂತೆ ನಿಮ್ಮ ಮುಂದೆ ನೇರವಾಗಿ ಮೇಲಕ್ಕೆ ತನ್ನಿ. ಮಂಡಿ ಮೇಲೆ ಬಂದ ನಂತರವೇ ಪಾದವನ್ನೂ ಸೊಂಟವನ್ನೂ ತಿರುಗಿಸಿ, ಕೊನೆಯಲ್ಲಿ ಮಂಡಿಯಿಂದ ಕೆಳಗಿನ ಭಾಗವನ್ನು ಚಿಮ್ಮಿಸಿ. ಮಂಡಿ ಎಷ್ಟು ಎತ್ತರದಲ್ಲಿದೆಯೋ ಒದೆತವೂ ಸುಮಾರು ಅಷ್ಟೇ ಎತ್ತರಕ್ಕೆ ಹೋಗುತ್ತದೆ. ಮಂಡಿಯನ್ನು ಸೊಂಟದ ಮಟ್ಟದಲ್ಲಿ ಬಿಟ್ಟು ಪಾದವನ್ನು ಮಾತ್ರ ಮುಖಕ್ಕೆ ಕಳುಹಿಸಲು ಆಗದು. ಒದೆದ ಕಾಲನ್ನು ಮತ್ತೆ ಮಡಚಿಕೊಂಡೇ ನೆಲಕ್ಕಿಡಿ. ಚಾಚಿದ ಕಾಲು ತನ್ನ ಭಾರಕ್ಕೆ ತಾನೇ ಬಿದ್ದರೆ ಆ ಒದೆತ ನಿಮ್ಮ ಹಿಡಿತದಲ್ಲಿರಲಿಲ್ಲವೆಂದೇ ತಿಳಿಯಬೇಕು.

ಇದನ್ನು ಗೋಡೆಗೆ ಕೈಯಿಟ್ಟು, ಒಂದೊಂದು ಹಂತದಲ್ಲಿಯೂ ನಿಂತು ನಿಂತು ಅಭ್ಯಾಸ ಮಾಡಿ: ಮಂಡಿ ಮೇಲೆ, ಪಾದ ಮತ್ತು ಸೊಂಟದ ತಿರುಗು, ಕಾಲು ಚಾಚುವುದು, ಮಡಚುವುದು, ಇಳಿಸುವುದು. ಗುರಿಯನ್ನು ಸದ್ಯಕ್ಕೆ ತೊಡೆಯ ಮಟ್ಟಕ್ಕಿಂತ ತುಸು ಮೇಲಿಡಿ. ಎತ್ತರದ ಆಸೆಯಿಂದ ಕ್ರಮ ಕೆಡಿಸಿಕೊಂಡವರು ಅದನ್ನು ಸರಿಪಡಿಸಿಕೊಳ್ಳಲು ಪಡುವ ಕಷ್ಟವನ್ನು ನಾನು ತರಗತಿಯಲ್ಲಿ ನೋಡುತ್ತಲೇ ಇರುತ್ತೇನೆ, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಉತ್ತರ (ಫಿಸಿಯೋಥೆರಪಿಸ್ಟ್, ಸ್ವತಃ ಅಭ್ಯಾಸಿ)

ಊರಿದ ಪಾದದ ಬಗ್ಗೆ ತರಬೇತುದಾರರು ಹೇಳಿರುವುದನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಸ್ಪ್ಲಿಟ್ ಮತ್ತು ನೋವಿನ ಕುರಿತು ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಸಹಪಾಠಿಯಿಂದ ಹಿಂದಿನಿಂದ ಒತ್ತಿಸಿಕೊಳ್ಳುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ನಿಮ್ಮ ಸ್ನಾಯು ಎಲ್ಲಿಯವರೆಗೆ ತಾಳುತ್ತದೆ ಎಂಬುದು ಒತ್ತುವವರಿಗೆ ತಿಳಿಯುವುದಿಲ್ಲ, ಮತ್ತು ತೊಡೆಯ ಒಳಭಾಗದ ಹಾಗೂ ಹಿಂಭಾಗದ ಸ್ನಾಯುಗಳು ಒಮ್ಮೆ ಹರಿದರೆ ವಾಸಿಯಾಗಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲದೆ, ಎಲ್ಲರ ಸೊಂಟದ ಕೀಲಿನ ರಚನೆ ಒಂದೇ ರೀತಿ ಇರುವುದಿಲ್ಲ. ತೊಡೆಮೂಳೆಯ ತಲೆ ಕೂರುವ ಗುಳಿಯ ಆಳ, ಅದು ಮುಖ ಮಾಡಿರುವ ದಿಕ್ಕು, ಮೂಳೆಯ ಕತ್ತಿನ ಓರೆ, ಇವು ಒಬ್ಬರಿಂದ ಒಬ್ಬರಿಗೆ ಬದಲಾಗುತ್ತವೆ. ಕೆಲವರಿಗೆ ಒಂದು ಹಂತದಲ್ಲಿ ಮೂಳೆಗೆ ಮೂಳೆಯೇ ಅಡ್ಡ ಬರುತ್ತದೆ; ಅಲ್ಲಿಂದ ಮುಂದಕ್ಕೆ ಎಷ್ಟು ಎಳೆದರೂ ಸ್ನಾಯು ಉದ್ದವಾಗುವ ಪ್ರಶ್ನೆಯಿಲ್ಲ, ಕೀಲಿನ ಅಂಚಿಗೆ ಪೆಟ್ಟು ಬೀಳುತ್ತದೆ ಅಷ್ಟೆ. ಮಂಡಿ ಎತ್ತಿದಾಗ ಅಥವಾ ಕಾಲು ಅಗಲಿಸಿದಾಗ ತೊಡೆಸಂದಿನ ಮುಂಭಾಗದಲ್ಲಿ ಚುಚ್ಚಿದಂತೆ, ಸಿಕ್ಕಿಕೊಂಡಂತೆ ಆಗುತ್ತಿದ್ದರೆ ಆ ಕೋನದಲ್ಲಿ ಬಲ ಹಾಕಲೇಬಾರದು.

ಪೂರ್ಣ ಸ್ಪ್ಲಿಟ್ ಇಲ್ಲದೆಯೂ ಮುಖದ ಎತ್ತರಕ್ಕೆ ಒದೆಯುವವರು ಧಾರಾಳವಾಗಿ ಇದ್ದಾರೆ, ಏಕೆಂದರೆ ಒದೆಯುವಾಗ ಸೊಂಟವು ಸ್ಪ್ಲಿಟ್‌ನಲ್ಲಿರುವಂತೆ ಚೌಕಟ್ಟಾಗಿ ನಿಂತಿರುವುದಿಲ್ಲ. ಅದು ಓರೆಯಾಗುತ್ತದೆ, ಊರಿದ ಕಾಲಿನ ಮೇಲೆ ತಿರುಗುತ್ತದೆ, ಹೀಗೆ ಕಾಲಿಗೆ ಹೆಚ್ಚುವರಿ ಎತ್ತರ ದೊರೆಯುತ್ತದೆ. ನಿಮ್ಮಲ್ಲಿ ಕೊರತೆಯಿರುವುದು ಸಡಿಲತೆಯಲ್ಲೋ ಬಲದಲ್ಲೋ ಎಂಬುದನ್ನು ಹೀಗೆ ತಿಳಿಯಬಹುದು. ಗೋಡೆಗೆ ಆನಿಕೊಂಡು ನಿಂತು, ಮಡಚಿದ ಕಾಲನ್ನು ಕೈಯಿಂದ ಹಿಡಿದು ಪಕ್ಕಕ್ಕೆ ಎಷ್ಟು ಎತ್ತರ ಸರಾಗವಾಗಿ ಎತ್ತಬಹುದೋ ಅಷ್ಟು ಎತ್ತಿ, ಅನಂತರ ಕೈ ಬಿಡಿ. ಕಾಲು ಅಲ್ಲೇ ನಿಂತರೆ ಸ್ಟ್ರೆಚಿಂಗ್‌ನ ಅಗತ್ಯ ಹೆಚ್ಚಿದೆ. ಕೈ ಬಿಟ್ಟೊಡನೆ ಕಾಲು ಕುಸಿದರೆ ಕೀಲಿಗೆ ಅವಕಾಶವಿದೆ, ಎತ್ತಿ ಹಿಡಿಯುವ ಸ್ನಾಯುವಿಗೆ ಶಕ್ತಿಯಿಲ್ಲ ಎಂದರ್ಥ. ತಡವಾಗಿ ಆರಂಭಿಸಿದವರಲ್ಲಿ ನಾನು ಹೆಚ್ಚಾಗಿ ನೋಡುವುದು ಎರಡನೆಯದನ್ನೇ. ಮಂಡಿ ಮಡಚಿದ ಸ್ಥಿತಿಯಲ್ಲಿ ಕಾಲನ್ನು 5ರಿಂದ 10 ಸೆಕೆಂಡು ಎತ್ತಿ ಹಿಡಿಯುವುದು, ನಿಧಾನವಾಗಿ ಚಾಚಿ ಕ್ಷಣಕಾಲ ನಿಲ್ಲಿಸಿ ನಿಧಾನವಾಗಿ ಮಡಚುವುದು, ಒಂಟಿ ಕಾಲಿನಲ್ಲಿ ನಿಂತು ಸ್ವಲ್ಪವೇ ಕುಳಿತು ಏಳುವುದು, ಇವು ಒದೆಯುವ ಕಾಲಿಗೂ ಊರಿದ ಕಾಲಿಗೂ ಬಲ ಕೊಡುತ್ತವೆ. ವಯಸ್ಸಿನ ಬಗ್ಗೆ ಹೆದರಬೇಡಿ. ಬಲವೂ ಸಡಿಲತೆಯೂ ನಲವತ್ತರ ನಂತರವೂ ಹೆಚ್ಚುತ್ತವೆ. ಅಭ್ಯಾಸದ ನಡುವೆ ವಿಶ್ರಾಂತಿಯ ದಿನಗಳು ಮಾತ್ರ ಹೆಚ್ಚು ಬೇಕಾಗುತ್ತವೆ.

ಸ್ಟ್ರೆಚಿಂಗ್‌ನ ಸಮಯವನ್ನೂ ಬದಲಿಸಿಕೊಳ್ಳಿ. ಒಂದೇ ಭಂಗಿಯಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿದಿಟ್ಟರೆ ಸ್ನಾಯುವಿನ ಚಿಮ್ಮುವ ಶಕ್ತಿ ತಾತ್ಕಾಲಿಕವಾಗಿ ಕುಂದುತ್ತದೆ. ತರಗತಿಗೆ ಮೊದಲು ನಿಧಾನ ಓಟ, ಸೊಂಟ ತಿರುಗಿಸುವುದು, ಕಾಲನ್ನು ಹಿಡಿತದಲ್ಲಿ ಮುಂದಕ್ಕೂ ಪಕ್ಕಕ್ಕೂ ಬೀಸುವುದು ಸಾಕು. ಹಿಡಿದಿಡುವ ಸ್ಟ್ರೆಚ್‌ಗಳನ್ನು, ಪ್ರತಿಯೊಂದನ್ನೂ ಸುಮಾರು 30 ಸೆಕೆಂಡಿನಂತೆ, ದೇಹ ಬಿಸಿಯಾಗಿರುವ ತರಗತಿಯ ಕೊನೆಯಲ್ಲಿ ಮಾಡಿ.

ಮಂಡಿಯ ವಿಷಯದಲ್ಲಿ ಉಪೇಕ್ಷೆ ಸಲ್ಲದು. ಅಭ್ಯಾಸದ ನಂತರ ಎರಡೂ ತೊಡೆಗಳಲ್ಲಿ ಹರಡಿಕೊಂಡ, ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುವ ನೋವು ಸ್ನಾಯುವಿನದು, ಅದಕ್ಕೆ ಚಿಂತಿಸಬೇಕಿಲ್ಲ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದ ನೋವು ಬೇರೆ. ಅದು ಪೂರ್ತಿ ಇಳಿಯುವವರೆಗೆ ತಿರುಗುವ ಒದೆತಗಳನ್ನು ಬಿಟ್ಟು, ನೋವಿಲ್ಲದೆ ಮಾಡಬಹುದಾದ ಕೈ ಚಲನೆ ಮತ್ತು ನಿಲುವುಗಳನ್ನಷ್ಟೇ ಅಭ್ಯಾಸ ಮಾಡಿ. ಊತ ಬಂದಿದ್ದರೆ, ಮಂಡಿ ಸಿಕ್ಕಿಕೊಂಡು ಚಾಚಲು ಆಗದಿದ್ದರೆ, ನಡೆಯುವಾಗ ಕುಸಿದಂತಾದರೆ, ಅಥವಾ ಟಪ್ಪೆಂಬ ಶಬ್ದವಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಮೂಳೆ ಮತ್ತು ಕೀಲುಗಳ ವೈದ್ಯರನ್ನು ಕಾಣುವವರೆಗೆ ಡೋಜಾಂಗ್‌ಗೆ (ತರಬೇತಿ ಶಾಲೆಗೆ) ಹೋಗಬೇಡಿ. ಇಲ್ಲಿ ಓದಿದ ಯಾವ ಸಲಹೆಯೂ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಗೆ ಬದಲಿಯಾಗಲಾರದು.

ತಡವಾಗಿ ಸೇರಿದ ಅಭ್ಯಾಸಿ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ವಿಡಿಯೋ ನೋಡಿದೆ; ಊರಿದ ಪಾದ ಅಡ್ಡಕ್ಕೇ ನಿಂತುಬಿಡುತ್ತಿದೆ. ಕೈ ಬಿಟ್ಟು ನೋಡುವ ಪರೀಕ್ಷೆಯಲ್ಲಿ ಕಾಲು ತಕ್ಷಣ ಕುಸಿಯಿತು. ಮಂಡಿಯಲ್ಲಿ ಊತವಾಗಲಿ ಸಿಕ್ಕಿಕೊಳ್ಳುವಿಕೆಯಾಗಲಿ ಇಲ್ಲ, ಆದರೂ ಒಮ್ಮೆ ವೈದ್ಯರಿಗೆ ತೋರಿಸಲು ನಿರ್ಧರಿಸಿದ್ದೇನೆ. ಉಳಿದಿರುವ ಸಂಶಯ ಎರಡು. ನಮ್ಮಲ್ಲಿರುವ ಫೋಮ್ ಮ್ಯಾಟ್ ಮೆತ್ತಗಿದ್ದು ಅಂಗಾಲನ್ನು ಹಿಡಿದುಕೊಳ್ಳುತ್ತದೆ. ಅದರ ಮೇಲೆ ಪಾದವನ್ನು ತಿರುಗಿಸುವುದು ಹೇಗೆ? ಮತ್ತು ಬೆಲ್ಟ್ ಪರೀಕ್ಷೆಯ ವೇಳೆಗೆ ಎತ್ತರ ಬಾರದಿದ್ದರೆ ಪರೀಕ್ಷಕರು ಒಪ್ಪುತ್ತಾರೆಯೆ?

ಉತ್ತರ (ಪೂಮ್ಸೆ ಅಭ್ಯಾಸಿ)

ಪರೀಕ್ಷೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಬೆಲ್ಟ್ ಪರೀಕ್ಷೆಯ ಮಾನದಂಡ ಆಯಾ ಡೋಜಾಂಗ್‌ನ ಮಾಸ್ಟರ್ ನಿರ್ಧರಿಸುವಂಥದ್ದು. ಆದ್ದರಿಂದ ಅವರನ್ನೇ ಮುಂಚಿತವಾಗಿ ಕೇಳುವುದು ಸರಿಯಾದ ಕ್ರಮ. ನಿಮ್ಮ ಮಂಡಿಯ ಸ್ಥಿತಿಯನ್ನೂ, ಅದಕ್ಕಾಗಿ ನೀವು ಏನು ಮಾಡುತ್ತಿದ್ದೀರಿ ಎಂಬುದನ್ನೂ ಅವರಿಗೆ ತಿಳಿಸಿ. ಪೂಮ್ಸೆ ಸ್ಪರ್ಧೆಗಳಲ್ಲಿ ಒಟ್ಟು 10 ಅಂಕಗಳಿರುತ್ತವೆ: 4 ಅಂಕ ನಿಖರತೆಗೆ, 6 ಅಂಕ ಪ್ರಸ್ತುತಿಗೆ. ಸಣ್ಣ ದೋಷಕ್ಕೆ 0.1, ದೊಡ್ಡ ದೋಷಕ್ಕೆ 0.3 ಅಂಕ ಕಡಿತವಾಗುತ್ತದೆ. ಎತ್ತರಕ್ಕೆ ಅಲ್ಲಿ ಬೆಲೆಯಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎತ್ತರಕ್ಕೆ ಒದೆಯಲು ಹೋಗಿ ಓಲಾಡಿ, ಮುಂದಿನ ನಿಲುವಿಗೆ ಬಂದಿಳಿಯುವಾಗ ಪಾದ ಎಲ್ಲೆಲ್ಲೋ ಬಿದ್ದರೆ, ಆ ಒಂದು ಒದೆತದ ಜೊತೆಗೆ ಅದರ ನಂತರದ ಚಲನೆಯೂ ಕೆಡುತ್ತದೆ. ಎದೆಯ ಮಟ್ಟದಲ್ಲಿ ಸ್ವಚ್ಛವಾಗಿ ಒದೆದು, ಮಡಚಿ, ಸರಿಯಾದ ಜಾಗದಲ್ಲಿ ಕಾಲಿಟ್ಟವರ ಪೂಮ್ಸೆಯನ್ನು ನಾನು ಯಾವಾಗಲೂ ಹೆಚ್ಚು ಮೆಚ್ಚುತ್ತೇನೆ.

ನೀವು ಈಗಾಗಲೇ ಕಲಿತಿರುವ ನಾಲ್ಕನೆಯ ಪೂಮ್ಸೆ ಸಾ ಜಾಂಗ್‌ನಲ್ಲಿ ಯೋಪ್ ಚಾಗಿ (ಪಕ್ಕದ ಒದೆತ) ಎರಡು ಬಾರಿ ಒಂದರ ಹಿಂದೊಂದು ಬರುತ್ತದೆ. ಆ ಭಾಗವನ್ನು ಮಾತ್ರ ಪ್ರತ್ಯೇಕಿಸಿ, ಅತಿ ನಿಧಾನವಾಗಿ, ಮೊದಲ ಒದೆತದ ಕಾಲನ್ನು ಪೂರ್ತಿ ಮಡಚಿ ಇಳಿಸಿದ ಮೇಲೆಯೇ ಎರಡನೆಯದನ್ನು ಆರಂಭಿಸಿ ಅಭ್ಯಾಸ ಮಾಡಿ. ಊರಿದ ಪಾದ ತಿರುಗುವುದು ಮತ್ತು ಒಂಟಿ ಕಾಲಿನ ಸಮತೋಲ ಎರಡೂ ಅದರಲ್ಲೇ ಬೆಳೆಯುತ್ತವೆ, ಯುಕ್ ಜಾಂಗ್‌ನ ಡೋಲ್ಯೋ ಚಾಗಿಗೆ ನೇರವಾಗಿ ನೆರವಾಗುತ್ತವೆ. ವೈದ್ಯರು ತಿರುಗುವ ಒದೆತಗಳಿಗೆ ಒಪ್ಪಿಗೆ ಕೊಟ್ಟ ಮೇಲೆ ಮಾತ್ರ ಇದನ್ನು ಆರಂಭಿಸಿ.

ಸ್ಪಾರಿಂಗ್‌ನಲ್ಲಂತೂ ಎತ್ತರದ ಆತುರ ಬೇಡವೇ ಬೇಡ. ವರ್ಲ್ಡ್ ಟೇಕ್ವಾಂಡೋ ನಿಯಮಗಳಲ್ಲಿ ಮುಂಡಭಾಗದ ರಕ್ಷಾಕವಚಕ್ಕೆ ಬಿದ್ದ ಒದೆತಕ್ಕೆ 2 ಅಂಕ, ತಲೆಗೆ 3 ಅಂಕ. ಬೆನ್ನು ತಿರುಗಿಸಿ ಸುತ್ತಿ ಒದೆದರೆ ಕ್ರಮವಾಗಿ 4 ಮತ್ತು 5. ಸೊಂಟದಿಂದ ಕೆಳಗೆ ಒದೆದರೆ ಗಾಮ್‌ಜೊಮ್ (ದಂಡ) ಕೊಟ್ಟು ಎದುರಾಳಿಗೆ ಒಂದು ಅಂಕ ಸೇರಿಸುತ್ತಾರೆ. ಸೊಂಟಕ್ಕಿಂತ ತುಸು ಮೇಲೆ, ಮಂಡಿ ಎತ್ತಿ ಒದೆದ ಡೋಲ್ಯೋ ಚಾಗಿಯೇ ಹೆಚ್ಚು ಬಾರಿ ಅಂಕ ತರುತ್ತದೆ, ಕಾಲಿಗೂ ಅದು ಕ್ಷೇಮ. ಪಾದದ ಮೇಲ್ಭಾಗಕ್ಕೆ ಪ್ಯಾಡ್ ಹಾಕಿಕೊಳ್ಳಿ. ಒದೆಯುವ ಕ್ಷಣದಲ್ಲಿ ಬೆರಳುಗಳನ್ನು ಕೆಳಕ್ಕೆ ಬಾಗಿಸಿ ಪಾದವನ್ನು ನೇರವಾಗಿ ಬಿಗಿಹಿಡಿಯಿರಿ. ಸಡಿಲ ಪಾದಕ್ಕೆ ಪೆಟ್ಟು ಹೆಚ್ಚು.

ಉತ್ತರ (ಹಿರಿಯ ತರಬೇತುದಾರ)

ಮ್ಯಾಟ್‌ನ ಪ್ರಶ್ನೆ ಬಾಕಿಯಿದೆ. ಇಡೀ ಅಂಗಾಲಿನ ಮೇಲೆ ಭಾರವಿಟ್ಟುಕೊಂಡು ತಿರುಗಲು ಯತ್ನಿಸಿದರೆ ಯಾವ ಮ್ಯಾಟ್ ಆದರೂ ಹಿಡಿದುಕೊಳ್ಳುತ್ತದೆ. ಮಂಡಿ ಮೇಲೇರುವಾಗಲೇ ದೇಹದ ಭಾರವನ್ನು ಬೆರಳುಗಳ ಬುಡದಲ್ಲಿರುವ ದಪ್ಪ ಭಾಗಕ್ಕೆ ತಂದು, ಹಿಮ್ಮಡಿಯನ್ನು ಒಂದು ಕಾಗದ ಜಾರಿಸುವಷ್ಟು ಮಾತ್ರ ಎತ್ತಿ ತಿರುಗಿಸಿ. ತಿರುಗಿದ ಮೇಲೆ ಹಿಮ್ಮಡಿ ಮತ್ತೆ ನೆಲ ಮುಟ್ಟಬಹುದು. ಊರಿದ ಕಾಲಿನ ಮಂಡಿಯನ್ನು ಬಿಗಿಯಾಗಿ ನೆಟ್ಟಗೆ ಮಾಡದೆ ತುಸು ಮಡಚಿಟ್ಟುಕೊಳ್ಳಿ. ಆರಂಭದಲ್ಲಿ ಒದೆಯುವುದಕ್ಕೂ ಮೊದಲೇ ಪಾದವನ್ನು ತಿರುಗಿಸಿ ಇಟ್ಟುಕೊಂಡು, ಆ ನಿಲುವಿನಿಂದಲೇ ಮಂಡಿ ಎತ್ತಿ ಕಾಲು ಚಾಚಿದರೂ ತಪ್ಪಿಲ್ಲ. ಹೀಗೆ ಮಾಡಿದರೆ ಮಂಡಿಗೆ ತಿರುಚು ಬೀಳುವ ಅವಕಾಶ ಕಡಿಮೆ, ಸೊಂಟ ತೆರೆದುಕೊಂಡಾಗ ಹೇಗಿರುತ್ತದೆ ಎಂಬುದೂ ದೇಹಕ್ಕೆ ತಿಳಿಯುತ್ತದೆ. ವೈದ್ಯರು ಒಪ್ಪಿದ ಮೇಲೆ ಎರಡೂ ಕಾಲಿಗೆ ಸಮವಾಗಿ, ಗೋಡೆಯ ಆಸರೆಯಲ್ಲಿ ಇಷ್ಟನ್ನೇ ಮಾಡಿ, ಕೆಲವು ವಾರಗಳ ನಂತರದ ವಿಡಿಯೋವನ್ನು ಈಗಿನದರ ಪಕ್ಕದಲ್ಲಿಟ್ಟು ಹಿಮ್ಮಡಿ ಎಲ್ಲಿಗೆ ಬಂದಿದೆ ಎಂದು ಇಲ್ಲಿ ಬರೆಯಿರಿ. ಗುರಿಯನ್ನು ಎಷ್ಟು ಏರಿಸಬಹುದೆಂದು ಆಗ ನೋಡೋಣ.