ಡಾಕ್ಟರಿಗೆ ರಿಪೋರ್ಟ್ ಸಾಲದಾ, ಕಥೆನೂ ಕೇಳಬೇಕಾ?

ಬಂಗಾರಪೇಟೆ_ಹುಡುಗ: ಮೊನ್ನೆ ಕೋಲಾರದಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ರೋಗಿಯ ಕಥೆ ಕೇಳೋದು ಬರಲಿ ಅಂತ ಡಾಕ್ಟರಿಕೆ ಓದುವವರಿಗೆ ಕಾದಂಬರಿನೂ ಓದಿಸಬೇಕು ಅಂದರು. ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ರೀಟಾ ಶರಾನ್ ಅನ್ನೋ ಡಾಕ್ಟರು ಇದನ್ನೇ ಕಲಿಸುತ್ತಾರಂತೆ. ನನಗೇನೋ ಇದು ಹೊಟ್ಟೆ ತುಂಬಿದವರ ಮಾತು ಅನ್ನಿಸಿತು. ಕಾಯಿಲೆ ಗೊತ್ತಾಗೋದು ರಿಪೋರ್ಟಿನಿಂದ ಅಲ್ವಾ?

ಚಿಂತಾಮಣಿ_ಮೇಡಂ: ತ್ರಿವೇಣಿಯವರ 'ಶರಪಂಜರ' ಓದಿದ್ದೀರಾ? ಹೆರಿಗೆ ಆದ ಮೇಲೆ ಕಾವೇರಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯೂ ಆಗುತ್ತದೆ. ಮನೆಗೆ ಬಂದರೆ ಎಲ್ಲರೂ ಹುಚ್ಚಿ ಥರಾನೇ ನೋಡುತ್ತಾರೆ. ಡಿಸ್ಚಾರ್ಜ್ ಆದ ಮೇಲಿನದು ಯಾವ ರಿಪೋರ್ಟಿನಲ್ಲಿ ಬರುತ್ತೆ ಹೇಳಿ.

ಕೆಜಿಎಫ್_ನಿವಾಸಿ: ನಮ್ಮಪ್ಪ ಗಣಿಯಲ್ಲಿ ಡ್ರಿಲ್ಲಿಂಗ್ ಮಾಡುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. ಎಷ್ಟೋ ವರ್ಷ ಆದ ಮೇಲೆ ದಮ್ಮು, ಕೆಮ್ಮು. ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ಟಿಬಿ ಅಂದರು, ಆರು ತಿಂಗಳು ಮಾತ್ರೆ ನುಂಗಿದ್ದಾಯಿತು. ಕಫದಲ್ಲಿ ಏನೂ ಸಿಕ್ಕಿರಲಿಲ್ಲ. ಆಮೇಲೆ ಬೇರೆ ಡಾಕ್ಟರೊಬ್ಬರು ಸುಮ್ನೆ 'ಯಜಮಾನ್ರೇ, ಮೊದಲು ಏನ್ ಕೆಲಸ ಮಾಡ್ತಿದ್ರಿ' ಅಂತ ಕೇಳಿದರು. ಅಪ್ಪ ಶುರು ಮಾಡಿದರು ನೋಡಿ, ಕೇಜಿನಲ್ಲಿ ಕೆಳಗಿಳಿಯೋದು, ಕಲ್ಲು ಕೊರೆಯುವಾಗ ಪಕ್ಕದವನ ಮುಖಾನೇ ಕಾಣದಷ್ಟು ಧೂಳು, ಮೂಗಿಗೆ ಟವೆಲ್ ಕಟ್ಟಿಕೊಳ್ಳೋದು, ಬಟ್ಟೆ ಒಗೆಯುವಾಗ ಅಮ್ಮ ಬೈಯೋದು, ಎಲ್ಲಾ. ಡಾಕ್ಟರು ತಡೆಯಲಿಲ್ಲ. ಸಿಲಿಕೋಸಿಸ್ ಅಂತ ಗೊತ್ತಾಯಿತು, ಕಲ್ಲಿನ ಧೂಳು ಕುಡಿದು ಶ್ವಾಸಕೋಶಕ್ಕೆ ಬರೋ ಕಾಯಿಲೆ. ಎಕ್ಸ್‌ರೇ ಅದೇ ಹಳೇದು ಸ್ವಾಮಿ.

ಬಂಗಾರಪೇಟೆ_ಹುಡುಗ: ಬೇಜಾರಾಯಿತು. ಆದರೂ ಕೇಳುತ್ತೀನಿ, ಹಿಂದಿನ ಕೆಲಸ ಕೇಳೋದು ಡಾಕ್ಟರಿಕೆ ಪುಸ್ತಕದಲ್ಲೇ ಇದೆ. ಅದಕ್ಕೆ ಸಾಹಿತ್ಯ ಯಾಕೆ?

ತುಮಕೂರು_ಒಪಿಡಿ: ನಾನು ಡಾಕ್ಟರು. ಮೊದಲ ಡಾಕ್ಟರನ್ನು ಪೂರ್ತಿ ಬೈಯಬೇಡಿ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು, ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ಹತ್ತುತ್ತದೆ ಕೂಡ. ಪುಸ್ತಕದಲ್ಲಿದೆ, ನಿಜ. ಆದರೆ ಕೇಳುವ ತಾಳ್ಮೆ ಪುಸ್ತಕದಿಂದ ಬರಲ್ಲ. 1984ರಲ್ಲಿ ಅಮೆರಿಕದಲ್ಲಿ 74 ಭೇಟಿಗಳನ್ನು ರೆಕಾರ್ಡ್ ಮಾಡಿ ನೋಡಿದರು. ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಅಡ್ಡ ಬಾಯಿ ಹಾಕಿದ್ದರು! ನಾನೂ ಅಷ್ಟೇ. ಪಾವಗಡ ಕಡೆಯ ಒಬ್ಬ ಅಜ್ಜಿಗೆ ಬೆನ್ನುನೋವಿಗೆ ಮೂರು ಸಲ ಮಾತ್ರೆ ಬರೆದು ಕಳಿಸಿದ್ದೆ. ನಾಲ್ಕನೇ ಸಲ ಎದ್ದು ಹೋಗುವಾಗ ಅಂದರು, 'ನಮ್ ಬೀದೀಲಿ ಯಾರಿಗೂ ಬಗ್ಗಕ್ಕೇ ಆಗಲ್ಲ ಸಾಮಿ'. ಆಗ ನೀರಿನ ಬಗ್ಗೆ ಕೇಳಿದೆ. ಬೋರ್‌ವೆಲ್. ಲೀಟರಿಗೆ 1.5 ಮಿಲಿಗ್ರಾಂಗಿಂತ ಫ್ಲೋರೈಡ್ ಜಾಸ್ತಿ ಇರಬಾರದು, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಅಲ್ಲಿ ತುಂಬಾ ಜಾಸ್ತಿ ಇತ್ತು. ಅಜ್ಜಿ ಕಾಯಿಲೆ ಹೇಳಲಿಲ್ಲ, ಬೀದಿಯ ಕಥೆ ಹೇಳಿದರು.

ಬಂಗಾರಪೇಟೆ_ಹುಡುಗ: ಸರಿ ಸಾರ್, ದಿನಕ್ಕೆ ನೂರು ಜನರ ಕಥೆ ಕೇಳುತ್ತಾ ಕೂತರೆ ಕ್ಯೂನಲ್ಲಿ ನಿಂತವರ ಕೂಲಿ ಯಾರು ಕೊಡುತ್ತಾರೆ?

ತುಮಕೂರು_ಒಪಿಡಿ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕೆಜಿಎಫ್_ನಿವಾಸಿ: ಅಪ್ಪನಿಗೇನೂ ವಾಸಿಯಾಗಲಿಲ್ಲ, ಅದಕ್ಕೆ ಮದ್ದೇ ಇಲ್ಲವಂತೆ. ಆದರೆ ಆ ಡಾಕ್ಟರ ಹತ್ತಿರ ಹೋಗೋ ದಿನ ಬೆಳಗ್ಗೇನೇ ಇಸ್ತ್ರಿ ಶರ್ಟ್ ಹಾಕಿಕೊಂಡು ಕೂತಿರುತ್ತಿದ್ದರು.

ಬಂಗಾರಪೇಟೆ_ಹುಡುಗ: ಕಾದಂಬರಿ ವಿಷಯ ನಾನಿನ್ನೂ ಒಪ್ಪಿಲ್ಲ. ಆ ಡಾಕ್ಟರು ಎಲ್ಲಿ ಸಿಗುತ್ತಾರೆ ಅಂತ ಮೆಸೇಜ್ ಮಾಡಿ. ನಮ್ಮ ಮಾವನೂ ಗಣಿಯಲ್ಲಿದ್ದವರು.