ಎಂಟು ತಿಂಗಳು ಬಿಟ್ಟ ಮೇಲೂ ಕೊಕೇನ್ ಹಂಬಲ ಮರಳುವುದೇಕೆ?

ತುಂಗಾತೀರ:
ಕೆನಡಾದಲ್ಲಿರುವ ನನ್ನ ಸೋದರಮಾವನ ಮಗ ಕೊಕೇನ್ ಬಿಟ್ಟು ಎಂಟು ತಿಂಗಳಾಗಿತ್ತು. ಹೋದ ವಾರ ಹಳೆಯ ಗೆಳೆಯನ ಮನೆಗೆ ಹೋದವನು ಮತ್ತೆ ಸೇವಿಸಿದನಂತೆ. ಕೆಲವೇ ದಿನಗಳಲ್ಲಿ ದೇಹದಿಂದ ಹೊರಟುಹೋಗುವ ವಸ್ತು ಇಷ್ಟು ಕಾಲದ ನಂತರವೂ ಮಿದುಳಿನಲ್ಲಿ ಉಳಿಸಿಹೋಗುವುದಾದರೂ ಏನನ್ನು? ಮನೆಯವರು ಮನೋಬಲ ಸಾಲದೆಂದು ಹೇಳಿ ಸುಮ್ಮನಾಗಿದ್ದಾರೆ. ನನಗೆ ಅದು ಪೂರ್ಣ ಉತ್ತರವೆನಿಸುತ್ತಿಲ್ಲ.

ಹೊಂಗೆನೆರಳು:
ನರಕೋಶವು ಹೊರಬಿಟ್ಟ ಡೋಪಮೈನನ್ನು (ಸುಖ, ಆಸೆಗಳಿಗೆ ಸಂಬಂಧಿಸಿದ ಮಿದುಳಿನ ಸಂದೇಶವಾಹಕ ರಾಸಾಯನಿಕ) ಮರಳಿ ಒಳಗೆಳೆದುಕೊಳ್ಳುವ ಪ್ರೋಟೀನೊಂದಿದೆ. ಕೊಕೇನ್ ಅದಕ್ಕೆ ಅಂಟಿಕೊಂಡು ದಾರಿ ಮುಚ್ಚುವುದರಿಂದ, ಡೋಪಮೈನ್ ಕೋಶಗಳ ನಡುವಿನ ಸಂದಿಯಲ್ಲಿಯೇ ತುಂಬಿಕೊಂಡು ನಿಲ್ಲುತ್ತದೆ. ಅಮಲು ಬೇಗ ಇಳಿದರೂ ಪದೇಪದೇ ಬಂದ ಈ ಪ್ರವಾಹಕ್ಕೆ ಮಿದುಳು ಹೊಂದಿಕೊಳ್ಳುತ್ತದೆ. ದೀರ್ಘಕಾಲ ಸೇವಿಸಿದವರಲ್ಲಿ ಡೋಪಮೈನಿನ ಸಂದೇಶವನ್ನು ಹಿಡಿದುಕೊಳ್ಳುವ ಡಿ2 ಎಂಬ ಗ್ರಾಹಕ ಪ್ರೋಟೀನುಗಳು ಕಡಿಮೆಯಾಗಿರುವುದನ್ನೂ, ಬಿಟ್ಟು ಮೂರು ತಿಂಗಳಾದ ಮೇಲೂ ಆ ಕೊರತೆ ಉಳಿದಿದ್ದುದನ್ನೂ ಸಂಶೋಧಕಿ ನೋರಾ ವೋಲ್ಕೋವ್ ಮತ್ತು ಸಂಗಡಿಗರು 1990ರ ದಶಕದಲ್ಲಿಯೇ ಮಿದುಳಿನೊಳಗಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್‌ಗಳಲ್ಲಿ ಕಂಡರು. ಊಟ, ಹರಟೆ, ಹಾಡು ಎಲ್ಲವೂ ಸಪ್ಪೆಯೆನಿಸುವುದಕ್ಕೆ ಇದೂ ಒಂದು ಕಾರಣವಿರಬಹುದು.

ಸೂಕ್ಷ್ಮದರ್ಶಿ:
ಮೇಲಿನವರು ಹೇಳಿದ್ದು ಸರಿ. ಆದರೆ ಗೆಳೆಯನ ಮನೆಯಲ್ಲಿ ನಡೆದುದನ್ನು ಡೋಪಮೈನ್ ಒಂದರಿಂದಲೇ ವಿವರಿಸಲಾಗದು. 2001ರಲ್ಲಿ ಬಾಲ್ಟಿಮೋರ್‌ನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇಲಿಗಳು ಸನ್ನೆಕೋಲು ಒತ್ತಿದಾಗ ಕೊಕೇನ್ ದೊರೆಯುತ್ತಿತ್ತು, ಜೊತೆಗೆ ಒಂದು ಶಬ್ದ ಮತ್ತು ಬೆಳಕು ಬರುತ್ತಿದ್ದವು. ಕೊಕೇನ್ ನಿಲ್ಲಿಸಿದ ಮೇಲೆ ಬರೀ ಆ ಶಬ್ದ, ಬೆಳಕುಗಳಿಗಾಗಿ ಅವು ಸನ್ನೆಕೋಲು ಒತ್ತುವುದು ಮೊದಲ ದಿನಕ್ಕಿಂತ 60ನೆಯ ದಿನ ಎಷ್ಟೋ ಹೆಚ್ಚಾಗಿತ್ತು. ಅಂದರೆ ಹಂಬಲ ಆರುವ ಬದಲು ಕಾವು ಕೊಟ್ಟ ಮೊಟ್ಟೆಯಂತೆ ಒಳಗೇ ಬಲಿಯುತ್ತದೆ. ಮುಂದೆ 2008ರಲ್ಲಿ ಇದರ ಬೇರು ನರಕೋಶಗಳನ್ನು ಉದ್ರೇಕಿಸುವ ಗ್ಲುಟಮೇಟ್ ಎಂಬ ರಾಸಾಯನಿಕದಲ್ಲಿ ಸಿಕ್ಕಿತು: ಮಿದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗದಲ್ಲಿ ಕ್ಯಾಲ್ಸಿಯಂ ಒಳಬಿಡುವ ಹೊಸ ಬಗೆಯ ಆಂಪಾ ಗ್ರಾಹಕಗಳು (ಗ್ಲುಟಮೇಟನ್ನು ಹಿಡಿದುಕೊಳ್ಳುವ ಪ್ರೋಟೀನುಗಳು) ವಾರಗಳ ನಂತರ ಸೇರಿಕೊಂಡು, ಅದೇ ಸುಳಿವಿಗೆ ಕೋಶಗಳು ಮೊದಲಿಗಿಂತ ಬಲವಾಗಿ ಪ್ರತಿಕ್ರಿಯಿಸುವಂತೆ ಮಾಡುತ್ತವೆ.

ಮನುಷ್ಯರ ವಿಷಯದಲ್ಲಿ ಮಿದುಳಿನ ವಿದ್ಯುತ್ ಸಂಕೇತಗಳನ್ನು ಅಳೆಯುವ 2016ರ ಇಇಜಿ ಅಧ್ಯಯನವೊಂದು ನನ್ನನ್ನು ಹೆಚ್ಚು ಕಾಡಿದೆ. ಕೊಕೇನ್ ಚಿತ್ರಗಳಿಗೆ ಮಿದುಳು ತೋರಿದ ಪ್ರತಿಕ್ರಿಯೆ, ಬಿಟ್ಟ ಒಂದರಿಂದ ಆರು ತಿಂಗಳ ನಡುವಿನ ಘಟ್ಟದಲ್ಲಿ ಅತಿ ಹೆಚ್ಚಾಗಿತ್ತು. ಆದರೆ ಭಾಗವಹಿಸಿದವರೇ ಹೇಳಿಕೊಂಡ ಆಸೆಯ ಮಟ್ಟ ಇಳಿಯುತ್ತಲೇ ಹೋಗಿತ್ತು.

ತುಂಗಾತೀರ:
ಹೋಗುವ ಮುನ್ನ ಅವನು ಫೋನಿನಲ್ಲಿ "ಈಗ ಅದರ ನೆನಪೂ ಬರುವುದಿಲ್ಲ" ಎಂದಿದ್ದನು. ನಾವದನ್ನು ಸುಳ್ಳೆಂದೇ ಎಣಿಸಿದೆವು. ಇದಕ್ಕೆ ಔಷಧವಿದೆಯೇ?

ಸೂಕ್ಷ್ಮದರ್ಶಿ:
ಹೆರಾಯಿನ್ ಚಟಕ್ಕೆ ಮೆಥಡೋನ್ ಇರುವಂತೆ ಕೊಕೇನ್ ಚಟಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದ ಔಷಧ ಯಾವುದೂ ಇಲ್ಲ. ಮೂತ್ರಪರೀಕ್ಷೆ ಶುದ್ಧವಾಗಿ ಬಂದಾಗಲೆಲ್ಲ ಸಣ್ಣ ಬಹುಮಾನ ಕೊಡುವ ವರ್ತನಾ ಚಿಕಿತ್ಸೆಯೇ ಹೆಚ್ಚು ಫಲ ಕೊಟ್ಟಿದೆ. ಆ ಗೆಳೆಯನ ಮನೆಯ ದಾರಿಯನ್ನು ಸದ್ಯ ತಪ್ಪಿಸುವುದೂ ಚಿಕಿತ್ಸೆಯ ಭಾಗವೇ. ಜೊತೆಗೆ, ಫೋನಿನಲ್ಲಿ ಹೇಳಿದ್ದನ್ನು ಅವನು ನಂಬಿಯೇ ಹೇಳಿರಬಹುದೆಂದು ಮನೆಯವರಿಗೆ ತಿಳಿಸಿರಿ.